ಒಂದೇ ಹೆಸರಿನ ಎರಡು ಗಡ್ಡೆಗಳು

ನ್ಯಾಮತಿ
18-11-1974

ಅಕ್ಕನಿಗೆ ಶಾಂತೆಯ ನಮಸ್ಕಾರ.

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನೀನು ಬರಲಿಲ್ಲ. ಜಗಳೂರು ಆಸ್ಪತ್ರೆಯಲ್ಲಿ ನೀನೊಬ್ಬಳೇ ನರ್ಸು, ರಜೆ ಸಿಗುವುದಿಲ್ಲ ಎಂದು ಅವ್ವ ಎಲ್ಲರಿಗೂ ಹೇಳಿದಳು. ಬಸವಾಪಟ್ಟಣದಿಂದ ಬಂದ ನಮ್ಮ ತವರಿನವರೆಲ್ಲ ನಂಬಿದರು. ನಾನು ನಂಬಲಿಲ್ಲ. ಇರಲಿ.

ಮಗುವಿಗೆ ನಮ್ಮ ಮಾವನವರ ಹೆಸರನ್ನೇ ಇಟ್ಟಿದ್ದಾರೆ. ಯಾವ ಹೆಸರು ಅಂತ ಕೇಳಬೇಡ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ, ಕೈಯಲ್ಲಿ ಬರೆಯುವಂತೆಯೂ ಇಲ್ಲ. ಅದಕ್ಕೇ ಮಗುವನ್ನೂ ಅಜ್ಜಯ್ಯ ಅಂತಲೇ ಕರೆಯುತ್ತೇನೆ. ಅದೂ ಬಹುವಚನದಲ್ಲಿ. ಮೊನ್ನೆ ಬಾಯಿ ತಪ್ಪಿ "ಬಾರೋ" ಅಂದೆ. ಅತ್ತೆ ತಕ್ಷಣ, "ಹಿರೇರ ಹೆಸರು ಇಟ್ಟೀವಿ ಕಣವ್ವಾ, ಹಂಗೆಲ್ಲ ಕರೀಬ್ಯಾಡ" ಅಂದರು. ಈಗ ನಮ್ಮ ಮನೆಯಲ್ಲಿ ಅಜ್ಜಯ್ಯನವರು ಹಾಲು ಕುಡಿಯುತ್ತಾರೆ, ಅಜ್ಜಯ್ಯನವರು ಆಕಳಿಸುತ್ತಾರೆ, ಅಜ್ಜಯ್ಯನವರು ನನ್ನ ಸೀರೆ ಒದ್ದೆ ಮಾಡುತ್ತಾರೆ. ನಾನು ಒಳಗೆ ತೊಟ್ಟಿಲ ಹತ್ತಿರ ಕರೆದರೆ ಜಗಲಿಯ ಮೇಲಿನ ಅಜ್ಜಯ್ಯನವರು "ಏನವ್ವಾ?" ಅಂತಾರೆ.

ನಮ್ಮ ಮನೆಯವರಿಗೆ ಹಿಟ್ಟಿನ ಗಿರಣಿಯಲ್ಲಿ ಬಿಡುವಿಲ್ಲ. ಮಗುವಿನ ಮುಖ ನೋಡಲು ನೀನಾದರೂ ಬಾ.

ಶಾಂತಾದೇವಿ


ಜಗಳೂರು
2-12-1974

ಶಾಂತೂ,

ನನಗೆ ಅತ್ತೆಯೂ ಇಲ್ಲ, ಮಾವನೂ ಇಲ್ಲ, ಆದ್ದರಿಂದ ಧಾರಾಳವಾಗಿ ಬರೆಯುತ್ತೇನೆ. ಮಹೇಶ್ವರಪ್ಪ. ಇನ್ನೊಂದು ಸಲ ಬೇಕೇ? ಮಹೇಶ್ವರಪ್ಪ. ಮೊಣಕೈಯಷ್ಟು ಉದ್ದವಿರುವ ಕೂಸಿಗೆ ಎಷ್ಟು ಭಾರದ ಹೆಸರು ಹೊರಿಸಿದ್ದೀರಿ!

ರಜೆ ಸಿಗುತ್ತಿತ್ತು. ಬಂದರೆ ಎಲ್ಲರೂ ತೊಟ್ಟಿಲು ಬಿಟ್ಟು ನನ್ನನ್ನೇ ನೋಡುತ್ತಾರೆ, "ನಿನ್ನದು ಯಾವಾಗವ್ವಾ?" ಅಂತ ಕೇಳುತ್ತಾರೆ. ಅದಕ್ಕೇ ಬರಲಿಲ್ಲ. ಯುಗಾದಿಗೆ ಬರುತ್ತೇನೆ, ಆಗ ನಿಮ್ಮ ಚಿಕ್ಕ ಯಜಮಾನರ ಕಾಲಿಗೂ ಬೀಳುತ್ತೇನೆ.

ನಿನ್ನ ಅಕ್ಕ
ಸಿದ್ದಲಿಂಗಮ್ಮ


ಜಗಳೂರು
5-9-1977

ಶಾಂತೂ,

ಮೊನ್ನೆ ನಿಮ್ಮ ಜಗಲಿಯಲ್ಲಿ ಕೂತಾಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಅಜ್ಜಯ್ಯನವರು ಎದುರಿಗೇ ಇದ್ದರು, ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ.

ಅವರಿಗೆ ಮೂತ್ರದಲ್ಲಿ ರಕ್ತ ಹೋಗುತ್ತಿರುವುದು ಕಲ್ಲಿನಿಂದಲ್ಲ. ದಾವಣಗೆರೆಯಲ್ಲಿ ತೆಗೆಸಿದ ಎಕ್ಸರೇಯನ್ನು ನಮ್ಮ ಡಾಕ್ಟರಿಗೂ ತೋರಿಸಿದೆ. ಬಲಗಡೆ ಕಿಡ್ನಿಯಲ್ಲಿ ಗಡ್ಡೆ ಇದೆ, ಎದೆಗೂ ಹರಡಿದೆ. ನನ್ನ ತರಬೇತಿಯ ಕಾಲದಲ್ಲಿ ಇಂಥವರನ್ನು ನೋಡಿದ್ದೇನೆ. ಕಿಡ್ನಿ ಗಡ್ಡೆ ಅಂದರೆ ಇಷ್ಟೇ ಶಾಂತೂ, ಕೊಯ್ದರೂ ಅಷ್ಟೆ, ಬಿಟ್ಟರೂ ಅಷ್ಟೆ. ಸುಮ್ಮನೆ ದೂರದ ಊರಿಗೆ ಕರೆದೊಯ್ದು ನೋವು ಕೊಡಬೇಡಿ. ಮನೆಯಲ್ಲಿ ಎಲ್ಲರ ನಡುವೆ ಇರಲಿ. ಒಂದು ವರ್ಷ ಇರಬಹುದು, ಹೆಚ್ಚೂ ಇರಬಹುದು.

ನಿನ್ನ ಗಂಡನಿಗೆ ಹೇಳು. ಅತ್ತೆಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ಸಿದ್ದಲಿಂಗಮ್ಮ


ನ್ಯಾಮತಿ
9-1-1978

ಅಕ್ಕಾ,

ದೊಡ್ಡ ಅಜ್ಜಯ್ಯನವರು ಹಾಗೇ ಇದ್ದಾರೆ, ಸ್ವಲ್ಪ ಇಳಿದಿದ್ದಾರೆ. ಈ ಪತ್ರ ಅವರ ಬಗ್ಗೆ ಅಲ್ಲ, ಮಗುವಿನ ಬಗ್ಗೆ.

ತಿಂಗಳಿಂದ ಹೊಟ್ಟೆ ಮುಂದೆ ಬಂದಂತಿತ್ತು. ಚಡ್ಡಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಮೈ ಬಂತು ಅಂತ ಅತ್ತೆ ಖುಷಿಯಾಗಿದ್ದರು. ನಿನ್ನೆ ಎಣ್ಣೆ ಹಚ್ಚಿ ನೀರು ಹಾಕುವಾಗ ಎಡಗಡೆ ಪಕ್ಕೆಯ ಕೆಳಗೆ ನನ್ನ ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಮುಟ್ಟಿದರೆ ನೋವಿಲ್ಲ, ನಗುತ್ತಾರೆ. ಕಚಗುಳಿ ಅಂದುಕೊಂಡಿದ್ದಾರೆ. ನಾಳಿದ್ದು ದಾವಣಗೆರೆಗೆ ಹೋಗುತ್ತೇವೆ.

ಎಲ್ಲರ ಕಣ್ಣಿಗೆ ಬೀಳುವ ಕಾರ್ಡಿನಲ್ಲಿ ಮಗುವಿನ ಕಾಯಿಲೆ ಬರೆದರೆ ದೃಷ್ಟಿಯಾಗುತ್ತದೆ ಅಂತ ಅತ್ತೆ ಹೇಳಿದ್ದಕ್ಕೆ ಇನ್‌ಲ್ಯಾಂಡಿನಲ್ಲಿ ಬರೆದಿದ್ದೇನೆ. ಏನೂ ಇರಲಿಕ್ಕಿಲ್ಲ ಅಂತ ಬರೆದು ಕಳಿಸು.

ಶಾಂತಾ


ನ್ಯಾಮತಿ
14-1-1978
(ಕಾರ್ಡು)

ಅಕ್ಕನಿಗೆ ನಮಸ್ಕಾರ. ಟಪಾಲು ಕಚೇರಿಯಲ್ಲಿ ಇನ್‌ಲ್ಯಾಂಡ್ ಮುಗಿದಿದೆಯಂತೆ, ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ಅಜ್ಜಯ್ಯನವರ ವಿಷಯ ಹಿಂದಿನ ಪತ್ರದಲ್ಲಿ ಬರೆದಿದ್ದೆನಲ್ಲ. ದಾವಣಗೆರೆಯಲ್ಲಿ ನೋಡಿ ಕಿಡ್ನಿಯ ಗಡ್ಡೆಯೇ ಅಂದರು. ಕೈಗೆ ಸಿಗುವಷ್ಟು ದೊಡ್ಡದಾಗಿದೆ. ಊಟ ಬೇಡ ಅನ್ನುತ್ತಾರೆ. ಬೆಂಗಳೂರಿಗೆ ಕರೆದೊಯ್ದು ಕೊಯ್ಸಿ ಅಂತ ಡಾಕ್ಟರು ಹೇಳುತ್ತಾರೆ. ಮನೆಯಲ್ಲಿ ಎಲ್ಲರೂ "ನರ್ಸಮ್ಮ ಹೆಂಗೆ ಹೇಳ್ತಾಳೋ ಹಂಗೆ" ಅನ್ನುತ್ತಿದ್ದಾರೆ. ಬೇಗ ಬರೆ.

ಶಾಂತಾ


ಬಿಳಿಚೋಡು
17-1-1978
(ಕಾರ್ಡು)

ಶಾಂತೂ, ಇಲ್ಲಿ ಕಣ್ಣಿನ ಕ್ಯಾಂಪು ನಡೆಯುತ್ತಿದೆ, ಜಗಳೂರಿನ ಮನೆ ಬೀಗ ಹಾಕಿದೆ. ಅಂಚೆಯವನು ಆಸ್ಪತ್ರೆಯಲ್ಲಿ ಕೊಟ್ಟ ನಿನ್ನ ಕಾರ್ಡನ್ನು ನಮ್ಮ ಜವಾನ ಓಬಳಪ್ಪ ಇಲ್ಲಿಗೇ ತಂದುಕೊಟ್ಟ. ಅಜ್ಜಯ್ಯನವರ ವಿಷಯದಲ್ಲಿ ಅವತ್ತು ಬರೆದದ್ದೇ ಈಗಲೂ ನನ್ನ ಮಾತು. ಕೊಯ್ಸಬೇಡಿ. ಈ ವಯಸ್ಸಿನಲ್ಲಿ ದೇಹ ತಡೆಯುವುದಿಲ್ಲ. ಇಷ್ಟಪಟ್ಟದ್ದನ್ನು ತಿನ್ನಲಿ, ಯಾವುದಕ್ಕೂ ಬೇಡ ಅನ್ನಬೇಡಿ. ನೀನು ಮನಸ್ಸು ಗಟ್ಟಿ ಮಾಡಿಕೋ. ಎಲ್ಲರೂ ಒಂದು ದಿನ ಹೋಗುವವರೇ.

ಸಿದ್ದಲಿಂಗಮ್ಮ


ನ್ಯಾಮತಿ
24-1-1978

ಅಕ್ಕಾ,

ನಿನ್ನ ಕಾರ್ಡು ಬಂತು. ಕಿಡ್ನಿ ಗಡ್ಡೆ ಯಾರಿಗೆ ಬಂದರೂ ಒಂದೇ ಎಂದು ಅರ್ಥವಾಯಿತು. ಬೆಂಗಳೂರಿಗೆ ಹೋಗುವುದನ್ನು ಕೈಬಿಟ್ಟಿದ್ದೇವೆ. ನಮ್ಮ ಮನೆಯವರು ಆ ಕಾರ್ಡನ್ನು ಓದಿ ಗಿರಣಿಗೆ ಹೋದರು, ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಎಲ್ಲರೂ ಒಂದು ದಿನ ಹೋಗುವವರೇ ಅಂತ ಬರೆದಿದ್ದೀಯ. ಮೂರು ವರ್ಷದ ಮಗುವಿಗೆ ಆ ಮಾತು ಬರೆಯಲು ನಿನಗೆ ಹೇಗೆ ಮನಸ್ಸು ಬಂತು ಅಂತ ಒಂದು ಗಳಿಗೆ ಅನ್ನಿಸಿತು. ನರ್ಸಾದವರು ದಿನಾ ಸಾವು ನೋಡುತ್ತಾರೆ, ಮನಸ್ಸು ಗಟ್ಟಿಯಾಗಿರುತ್ತದೆ ಅಂದುಕೊಂಡೆ.

ಇಷ್ಟಪಟ್ಟದ್ದನ್ನು ಕೊಡುತ್ತಿದ್ದೇನೆ. ಮಂಡಕ್ಕಿಗೆ ಬೆಲ್ಲ ಕೇಳುತ್ತಾರೆ, ಎರಡು ತುತ್ತು ತಿಂದು ಸಾಕು ಅನ್ನುತ್ತಾರೆ.

ದೊಡ್ಡ ಅಜ್ಜಯ್ಯನವರದು ಬೇರೆಯೇ ಸಂಕಟ. ತಮಗೂ ಇದೇ ಗಡ್ಡೆ ಎಂದು ಅವರಿಗೆ ಹೇಗೋ ತಿಳಿದುಹೋಗಿದೆ. "ನನ್ನ ಹೆಸರು ಇಟ್ರಿ, ಹೆಸರಿನ ಸಂಗಡ ನನ್ನ ರೋಗಾನೂ ಕೊಟ್ರಿ. ನನ್ನ ಹೆಸರು ತೆಗೀರಿ ಅದರ ಮ್ಯಾಲಿಂದ" ಅಂತ ಜಗಲಿಯ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದೇ ಮೊದಲು. ಆವತ್ತೇ ಅತ್ತೆ ಹೆಸರು ಬದಲಿಸಲು ಮಗುವನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟರು. ಪಕ್ಕದ ಮನೆಯ ದೊಡ್ಡಕ್ಕ ಎತ್ತಿಕೊಂಡು ಬಂದು ತಿಪ್ಪಣ್ಣ ಅಂತ ಕರೆದು ವಾಪಸ್ಸು ಕೊಟ್ಟಳು. ತಿಪ್ಪಣ್ಣ ಅಂದರೆ ಮಗು ತಿರುಗಿಯೂ ನೋಡುವುದಿಲ್ಲ. ಅಜ್ಜಯ್ಯನವರು ಈಗ ಮಗುವನ್ನು ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ. ಅದು ತೊಡೆ ಹತ್ತಲು ಹೋದರೆ ಎದ್ದು ಹೋಗುತ್ತಾರೆ. ಅದಕ್ಕೆ ಏನು ಅರ್ಥವಾಗುತ್ತದೆ? ಯಾಕೆ ಅಂತ ನನ್ನನ್ನು ಕೇಳುತ್ತದೆ.

ಒಂದು ಸಲ ಬಂದು ಹೋಗು ಅಕ್ಕಾ. ಮಗು ಇರುವಾಗಲೇ ಬಾ.

ಶಾಂತಾ


ಜಗಳೂರು
28-1-1978

ಶಾಂತೂ,

ಇದನ್ನು ತಂದವನು ಓಬಳಪ್ಪ. ಅವನಿಗೆ ಕೂತುಕೋ ಅನ್ನುವ ಮೊದಲು ಇದನ್ನು ಓದು. ಮಗುವನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ. ಕೊಯ್ಸಿ. ಇವತ್ತೇ ಹೊರಡಿ.

ನಾನು ಮಗುವಿಗೆ ಬೇಡ ಅಂದಿಲ್ಲ. ಕ್ಯಾಂಪಿಗೆ ಬಂದದ್ದು ನಿನ್ನ ಕಾರ್ಡು ಮಾತ್ರ. ನಿನ್ನ ಇನ್‌ಲ್ಯಾಂಡು ಈ ಮನೆಯ ಬಾಗಿಲ ಕೆಳಗೆ ಬಿದ್ದಿತ್ತು. ನಿನ್ನೆ ಸಂಜೆ ಬಂದು ಬೀಗ ತೆಗೆದಾಗ ಅದೂ ಸಿಕ್ಕಿತು, 24ರ ಪತ್ರವೂ ಸಿಕ್ಕಿತು. ಅಜ್ಜಯ್ಯನವರು, ಊಟ ಬೇಡ ಅನ್ನುತ್ತಾರೆ ಅಂತ ಓದಿ ನಾನು ನಿಮ್ಮ ಮಾವನವರು ಅಂತಲೇ ತಿಳಿದೆ. ಆ ಒಂದು 'ರು' ನನ್ನ ಕಣ್ಣು ಕಟ್ಟಿತು. ಯಾರಿಗೆ ಅಂತ ಒಂದು ಮಾತು ಕೇಳಿ ಬರೆಯಬೇಕಿತ್ತು. ಕೇಳಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕಿಡ್ನಿ ಗಡ್ಡೆ ಅಂದರೆ ಇಷ್ಟೇ ಅಂತ ನಾನು ಬರೆದದ್ದು ಸುಳ್ಳು. ನಾನು ನೋಡಿದ್ದೆಲ್ಲ ವಯಸ್ಸಾದವರನ್ನು. ಬೆಳಿಗ್ಗೆ ನಮ್ಮ ಡಾಕ್ಟರ ಮನೆಗೇ ಹೋಗಿ ಕೇಳಿದೆ. ಚಿಕ್ಕ ಮಕ್ಕಳಿಗೆ ಬರುವ ಗಡ್ಡೆಯ ಜಾತಿಯೇ ಬೇರೆಯಂತೆ. ಬೇಗ ಬೆಳೆಯುತ್ತದೆ, ಆದರೆ ಔಷಧಕ್ಕೂ ಬೇಗ ಬಗ್ಗುತ್ತದೆ. ಆ ಕಿಡ್ನಿ ತೆಗೆದು, ಸೂಜಿ ಹಾಕಿದರೆ ಎಷ್ಟೋ ಮಕ್ಕಳು ಉಳಿಯುತ್ತಾರೆ. ಒಂದೇ ಕಿಡ್ನಿಯಲ್ಲಿ ನೂರು ವರ್ಷ ಬಾಳಬಹುದು. ಆದರೆ ಕಾಯಬಾರದು.

ದಾರಿಯಲ್ಲಿ ಯಾರೂ ಮಗುವಿನ ಹೊಟ್ಟೆ ಒತ್ತಿ ನೋಡಕೂಡದು, ಗಡ್ಡೆ ಒಡೆಯುತ್ತದೆ. ಬಿಗಿಯಾದ ಉಡಿದಾರ ಇದ್ದರೆ ತೆಗೆ.

ಬೈಯುವುದಿದ್ದರೆ ಆಮೇಲೆ ಬೈ, ಎಷ್ಟು ಬೇಕಾದರೂ. ನಾನು ರಜೆ ಹಾಕಿ ನ್ಯಾಮತಿಗೆ ಬಂದು ನಿಮ್ಮ ಮಾವನವರನ್ನು ನೋಡಿಕೊಳ್ಳುತ್ತೇನೆ. ನೀನು ಬಸ್ಸು ಹತ್ತು.

ಅಕ್ಕ


ಬೆಂಗಳೂರು
26-2-1978

ಅಕ್ಕಾ,

ಕೊಯ್ದು ಎಡಗಡೆಯ ಕಿಡ್ನಿ ತೆಗೆದರು. ಗಡ್ಡೆ ತೆಂಗಿನಕಾಯಿಯಷ್ಟಿತ್ತಂತೆ. ಆ ಪುಟ್ಟ ಹೊಟ್ಟೆಯಲ್ಲಿ ಅದಕ್ಕೆ ಜಾಗ ಎಲ್ಲಿತ್ತೋ. ಈಗ ವಾರಕ್ಕೊಂದು ಸೂಜಿ ಹಾಕುತ್ತಾರೆ, ಕರೆಂಟೂ ಕೊಡುತ್ತಿದ್ದಾರೆ. ಕರೆಂಟು ಅಂದರೆ ಶಾಕ್ ಅಲ್ಲ, ಎಕ್ಸರೇಯಂಥದ್ದೇ, ಜೋರಾಗಿರುತ್ತದೆ ಅಷ್ಟೆ. ಕೂದಲು ಉದುರಿದೆ. ಬೋಳು ತಲೆಯಲ್ಲಿ ಈಗ ನಿಜವಾಗಿ ಅಜ್ಜಯ್ಯನ ಹಾಗೇ ಕಾಣುತ್ತಾರೆ.

ಚೀಟಿ ಬರೆಯುವಾಗ ಸಿಸ್ಟರ್ ಮಗುವಿನ ಹೆಸರು ಕೇಳಿದರು. ನಮ್ಮ ಮನೆಯವರು ಔಷಧ ತರಲು ಹೋಗಿದ್ದರು. ನಾನು ಬಾಗಿಲ ಕಡೆ ನೋಡಿದೆ. ಅವರು, "ಹೆಸರು ಗೊತ್ತಿಲ್ಲವೇನಮ್ಮಾ, ಇದು ನಿನ್ನ ಮಗು ತಾನೆ?" ಅಂದರು. ಹೇಳಿದೆ ಅಕ್ಕಾ. ಜೋರಾಗಿ ಹೇಳಿದೆ. ಏನೂ ಆಗಲಿಲ್ಲ. ಅವರು ಬರೆದುಕೊಂಡು ಮುಂದಿನವರನ್ನು ಕರೆದರು.

ಎಕ್ಸರೇ ಸಾಲಿನಲ್ಲಿ ಕೂತರೆ ಎಲ್ಲರ ಕಥೆಯೂ ಕಿವಿಗೆ ಬೀಳುತ್ತದೆ. ಒಂದು ಕೂಸಿಗೆ ಇನ್ನೂ ಹಲ್ಲು ಬಂದಿಲ್ಲ, ಅದಕ್ಕೂ ಕಿಡ್ನಿಯಲ್ಲಿ ಗಡ್ಡೆ. ಆದರೆ ಅಷ್ಟು ಎಳೆಯ ಕೂಸುಗಳಿಗೆ ಬರುವುದು ಸಾಮಾನ್ಯವಾಗಿ ಸಾಧು ಗಡ್ಡೆಯಂತೆ, ಕೊಯ್ದು ಮನೆಗೆ ಕಳಿಸುತ್ತಾರೆ, ಸೂಜಿಯೂ ಇಲ್ಲ. ನಲವತ್ತು ದಾಟಿದ ಒಬ್ಬ ಹೆಂಗಸು ತಾನು ಸತ್ತೇ ಹೋದೆ ಅಂದುಕೊಂಡು ಮಗಳ ಮದುವೆ ಅವಸರವಾಗಿ ಮಾಡಿ ಬಂದಿದ್ದರು. ಕೊಯ್ದು ನೋಡಿದರೆ ಬರೀ ಕೊಬ್ಬಿನ ಗಡ್ಡೆ. ಈಗ ಅಳಿಯನನ್ನು ಬೈಯುತ್ತಾ ಕೂತಿರುತ್ತಾರೆ. ನಮ್ಮ ಮಾವನವರ ವಯಸ್ಸಿನ ಇಬ್ಬರು ಇದ್ದರು. ಅವರ ಮನೆಯವರ ಜೊತೆ ಡಾಕ್ಟರು ಬಾಗಿಲು ಹಾಕಿಕೊಂಡು ಮಾತಾಡಿದರು.

ನೀನು ಇಲ್ಲಿಗೆ ಬರೆದ ಎರಡು ಪತ್ರದಲ್ಲೂ ಕೇಳಿದ್ದೀಯ, ತಡವಾದದ್ದರಿಂದ ಏನಾದರೂ ಕೆಟ್ಟದ್ದಾಯಿತೇ ಅಂತ. ಡಾಕ್ಟರು ಹೆಚ್ಚು ಮಾತಾಡುವವರಲ್ಲ. ಎರಡು ವರ್ಷ ಮರಳಿ ಬರದಿದ್ದರೆ ಹೆದರಿಕೆ ಕಡಿಮೆ ಅಂದಿದ್ದಾರೆ. ಮಾವನವರು ಹೇಗಿದ್ದಾರೆ?

ಶಾಂತಾ


ನ್ಯಾಮತಿ
30-4-1978

ಶಾಂತೂ,

ಕೂತುಕೊಂಡು ಓದು. ನಿಮ್ಮ ಮಾವನವರು ಹೋಗಿ ಮೂರು ವಾರವಾಯಿತು. ನಿನ್ನ ಗಂಡ ಗಿರಣಿಯ ಬೆಲ್ಟು ಕಿತ್ತುಹೋಗಿದೆ ಅಂತ ಊರಿಗೆ ಬಂದದ್ದು ಮಣ್ಣು ಮಾಡುವುದಕ್ಕೆ. ನಿನಗೆ ಹೇಳಕೂಡದು ಅಂತ ಅಜ್ಜಯ್ಯನವರೇ ಮಾತು ತೆಗೆದುಕೊಂಡಿದ್ದರು. "ಆಕೀಗೆ ತಿಳದ್ರೆ ಮಗೀನ ಅಲ್ಲೇ ಬಿಟ್ಟು ಓಡಿ ಬರ್ತಾಳೆ. ಸೂಜಿ ತಪ್ಪತೈತೆ" ಅಂದರು. ಸಿಟ್ಟಾಗಬೇಡ.

ನೀನು ಫೆಬ್ರವರಿಯಲ್ಲಿ ಬರೆದ ಪತ್ರವನ್ನು ಅವರಿಗೆ ಓದಿ ಹೇಳಿದೆ. ಎಕ್ಸರೇ ಸಾಲಿನ ಕಥೆಯನ್ನು ಎರಡು ಸಲ ಓದಿಸಿದರು. ಆಮೇಲೆ ಕೇಳಿದರು, "ಒಂದೇ ಜಾಗದಾಗೆ ಬಂದು ಬ್ಯಾರೆ ಬ್ಯಾರೆ ಹೆಂಗವ್ವಾ ಆಗತೈತೆ?" ನನಗೆ ತಿಳಿದಂತೆ ಹೇಳಿದೆ. ಮಗು ಬಸಿರಿನಲ್ಲಿರುವಾಗ ಕಿಡ್ನಿ ಕಟ್ಟಿಕೊಳ್ಳುತ್ತದೆ. ಆಗ ಬಲಿಯದೆ ಹಾಗೇ ಎಳೆಯದಾಗಿ ಉಳಿದದ್ದು ಹುಟ್ಟಿದ ಮೇಲೆ ಬೆಳೆದು ಗಡ್ಡೆಯಾಗುತ್ತದೆ, ಅದು ಮಕ್ಕಳದು. ನಿಮ್ಮದು ಹಾಗಲ್ಲ, ಬಲಿತ ಕಿಡ್ನಿ ಎಷ್ಟೋ ವರ್ಷ ದುಡಿದ ಮೇಲೆ ಕೆಟ್ಟದ್ದು. ನಿಮ್ಮ ಗಡ್ಡೆ ಮಗುವಿಗೆ ಬರಲು ಸಾಧ್ಯವಿಲ್ಲ, ಅದು ಹುಟ್ಟುವಾಗಲೇ ತಂದುಕೊಂಡದ್ದು, ಹೆಸರಿಡುವ ಮೊದಲೇ ಇತ್ತು ಅಂದೆ.

ಅವರು ತಮ್ಮ ಬಲಪಕ್ಕೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ, "ಹಂಗಾದ್ರೆ ನಂದು ನಂದೇ" ಅಂದರು. "ಹೂಂ, ನಿಮ್ಮದೇ" ಅಂದೆ. "ಸರಿ ಬಿಡು. ನಂದಾದ್ರೆ ನಾ ತಗಂಡು ಹೋಗ್ತೀನಿ" ಅಂದು ಆವತ್ತು ಅನ್ನ ಸಾರು ಕೇಳಿ ಹಾಕಿಸಿಕೊಂಡು ತಿಂದರು. ನಿಮ್ಮ ಅತ್ತೆಯನ್ನು ಕರೆದು, ಆ ತಿಪ್ಪಣ್ಣ ಗಿಪ್ಪಣ್ಣ ಬಿಟ್ಟು ಹಳೇ ಹೆಸರನ್ನೇ ಕರೆಯಿರಿ ಅಂತ ಹೇಳಿದರು. ಕೊನೆಯ ವಾರ ನೋವಿತ್ತು, ನಾನು ಸೂಜಿ ಹಾಕುತ್ತಿದ್ದೆ. ಹೆದರಿಕೆ ಇರಲಿಲ್ಲ. ಬೆಳಿಗ್ಗೆ ಗಿರಣಿಯ ಸದ್ದು ಶುರುವಾದ ಮೇಲೆ ಹೋದರು.

ನನ್ನ ಕಾರ್ಡಿನಿಂದ ಹದಿನೈದು ದಿನ ತಡವಾಯಿತಲ್ಲ, ಅದರ ಬಗ್ಗೆ ಡಾಕ್ಟರನ್ನು ಕೇಳಿದೆಯಾ?

ಅಕ್ಕ


ಜಗಳೂರು
11-5-1984

ಶಾಂತೂ,

ಕೆರೆಬಿಳಚಿಯ ಮದುವೆಯಲ್ಲಿ ಮಹೇಶ್ವರ ನನ್ನನ್ನು ಸಿಕ್ಕಾಪಟ್ಟೆ ಗೋಳು ಹೊಯ್ದುಕೊಂಡ. ಒಂಬತ್ತು ವರ್ಷದ ಹುಡುಗ, ನನ್ನ ಕನ್ನಡಕ ಹಾಕಿಕೊಂಡು ಪಂಕ್ತಿಯಲ್ಲಿ ಎಲ್ಲರ ನಾಡಿ ನೋಡಿದ. ನಕ್ಕೂ ನಕ್ಕೂ ಸಾಕಾಯಿತು.

ಆದರೆ ಬಾವಿಯ ಹತ್ತಿರ ಅಂಗಿ ತೆಗೆದು ನಿಂತಾಗ ನೋಡಿದೆ. ಎಡಗಡೆ ಪಕ್ಕೆ ಬಲಗಡೆಯಷ್ಟು ಬೆಳೆದಿಲ್ಲ. ನಿಂತರೆ ಎಡಕ್ಕೆ ವಾಲುತ್ತಾನೆ. ಶಾಲೆಯ ಚೀಲ ಹೊತ್ತು ಹೊತ್ತು ಹಾಗಾಗಿದೆ ಅಂದೆ ನೀನು. ನಾನು ನರ್ಸು ಕಣೇ. ಎಳೆಯ ಮೂಳೆಗೆ ಕರೆಂಟು ಕೊಟ್ಟರೆ ಅಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ ಅಂತ ನನಗೆ ಗೊತ್ತು. ಆಸ್ಪತ್ರೆಗೆ ಬೇಗ ಬಂದ ಮಕ್ಕಳಿಗೆ ಕರೆಂಟು ಬೇಕಾಗುವುದಿಲ್ಲ ಅನ್ನುವುದನ್ನೂ ಈಗ ಓದಿಕೊಂಡಿದ್ದೇನೆ. ಆರು ವರ್ಷದಿಂದ ಕೇಳುತ್ತಿದ್ದೇನೆ, ನೀನು ಬೇರೆ ಮಾತು ತೆಗೆಯುತ್ತೀಯ. ಒಂದು ಸಲ ಹೇಳಿಬಿಡು.

ಅಕ್ಕ


ನ್ಯಾಮತಿ
3-6-1984

ಅಕ್ಕಾ,

ಹೋದ ವಾರ ಬೆಂಗಳೂರಿಗೆ ಹೋಗಿದ್ದೆವು, ಅದಕ್ಕೇ ಬರೆಯುವುದು ತಡವಾಯಿತು. ಡಾಕ್ಟರು ಎಲ್ಲ ನೋಡಿ, "ಇನ್ನು ನೀವು ಬರಬೇಕಾಗಿಲ್ಲ" ಅಂದರು. ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. ಮತ್ತೆ ಅದನ್ನೇ ಹೇಳಿದರು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಕೊಯ್ದ ದಿನವೇ ಡಾಕ್ಟರು ನನಗೆ ಹೇಳಿದ್ದರು. ಗಡ್ಡೆಯ ಮೇಲಿನ ಪೊರೆ ಒಂದು ಕಡೆ ಒಡೆದಿತ್ತು. ಒಡೆದು ಬಹಳ ದಿನವಾಗಿರಲಿಲ್ಲ. ಎರಡು ವಾರ ಮೊದಲು ಬಂದಿದ್ದರೆ ಸೂಜಿಯಲ್ಲೇ ಮುಗಿಯುತ್ತಿತ್ತು, ಕರೆಂಟು ಬೇಕಾಗುತ್ತಿರಲಿಲ್ಲ ಅಂದರು. ಪಕ್ಕೆ ಹೀಗೆ ಉಳಿಯಬಹುದು ಅಂತಲೂ ಆಗಲೇ ಹೇಳಿದ್ದರು.

ನನಗೆ ನಿನ್ನ ಮೇಲೆ ಬಹಳ ಸಿಟ್ಟಿತ್ತು. ನೀನು ಇಲ್ಲಿ ನಮ್ಮ ಮಾವನವರ ಹಾಸಿಗೆ ಒಗೆಯುತ್ತಿದ್ದಾಗಲೂ ಇತ್ತು. ಕಾರ್ಡಿನಲ್ಲಿ ಮಗು ಅನ್ನುವ ಎರಡು ಅಕ್ಷರ ಬರೆಯದ ನನ್ನ ಮೇಲೂ ಇತ್ತು. ಈಗ ಆ ಸಿಟ್ಟು ಹುಡುಕಿದರೂ ಸಿಗುವುದಿಲ್ಲ.

ಆಗ ಹೇಳಿದ್ದರೆ ನೀನು ಕೆಲಸ ಬಿಡುತ್ತಿದ್ದೆ, ನನಗೆ ಗೊತ್ತು. ಆಮೇಲೆ, ಗಡ್ಡೆ ಮರಳಿ ಬಂದರೆ ಏನು ಗತಿ ಅನ್ನುವ ಹೆದರಿಕೆಯಿಂದ ಬಾಯಿ ಬಿಡಲಿಲ್ಲ. ಮಗು ಹೋಗಿಬಿಟ್ಟಿದ್ದರೆ ಈ ವಿಷಯ ನಿನಗೆ ಯಾವತ್ತೂ ಹೇಳುತ್ತಿರಲಿಲ್ಲ. ತಡವೇನೂ ಆಗಿರಲಿಲ್ಲವಂತೆ ಅಕ್ಕಾ ಅಂತ ಸುಳ್ಳು ಹೇಳಿ, ಸಾಯುವ ತನಕ ಆ ಸುಳ್ಳು ಕಾಪಾಡುತ್ತಿದ್ದೆ. ಇವತ್ತು ಮಾತ್ರ ನಿಜ ಬರೆಯುತ್ತಿದ್ದೇನೆ. ತಡವಾಯಿತು. ನಿನ್ನಿಂದಲೂ, ನನ್ನಿಂದಲೂ. ಇದನ್ನು ಬರೆದು ಮುಗಿಸಿದ ಮೇಲೆಯೇ ನನಗೆ ಗೊತ್ತಾದದ್ದು, ನಮ್ಮ ಹುಡುಗ ಉಳಿದುಕೊಂಡ ಅಂತ ನಾನು ಈಗ ನಂಬಿದ್ದೇನೆ.

ನಿನ್ನ ತಂಗಿ
ಶಾಂತಾ